ಕೃತಕ ಬುದ್ಧಿಮತ್ತೆಯ ಸಾಕ್ಷರತೆ: ತಾಳೆ ನೋಡಬಲ್ಲವರನ್ನು ಗುರುತಿಸುವ ಬಗೆ

ಲೆಕ್ಕಪತ್ರ ಸಹಾಯಕರ ಹುದ್ದೆಗೆ ಅರ್ಜಿ ಸಲ್ಲಿಸಿದ ವಾಣಿಜ್ಯ ಪದವೀಧರರಿಗೆ ಅಂಗಡಿ ಮಾಲೀಕರೂ ಸಣ್ಣ ಉದ್ದಿಮೆದಾರರೂ ಬಹುಕಾಲದಿಂದ ಕೇಳುತ್ತ ಬಂದಿರುವ ಮೊದಲ ಪ್ರಶ್ನೆ "ಟ್ಯಾಲಿ ಬರುತ್ತದೆಯೇ?" ಎಂಬುದು. ಬೆಂಗಳೂರಿನ ಸಂಸ್ಥೆಯೊಂದು ರೂಪಿಸಿದ ಈ ತಂತ್ರಾಂಶವು ಕೆಂಪು ಬಟ್ಟೆ ಹೊದಿಸಿದ ಕಿರ್ದಿ-ಖಾತೆ ಪುಸ್ತಕಗಳ ಸ್ಥಾನಕ್ಕೆ ಬಂದ ಪರಿ ವರ್ತಕರಿಗೆ ತಿಳಿಯದ್ದೇನಲ್ಲ. "ಬರುತ್ತದೆ" ಎಂಬ ಉತ್ತರದ ನಿಜಾಂಶವನ್ನು ಅರಿಯುವುದೂ ಕಷ್ಟವಿರಲಿಲ್ಲ. ಐದು ವೋಚರುಗಳನ್ನು ಕೈಗಿತ್ತು, ಯಾವ ಖಾತೆಗೆ ಖರ್ಚು ಬರೆದರು, ಯಾವ ಖಾತೆಗೆ ಜಮೆ ಮಾಡಿದರು ಎಂದು ನೋಡಿದರೆ ಹತ್ತು ನಿಮಿಷದಲ್ಲಿ ಅಭ್ಯರ್ಥಿಯ ಯೋಗ್ಯತೆ ತಿಳಿದುಬರುತ್ತಿತ್ತು.

ಈಗ ಅರ್ಜಿಗಳಲ್ಲಿ ಮತ್ತೊಂದು ಸಾಲು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆ, ಅಂದರೆ ಜನಬಳಕೆಯ ಮಾತಿನಲ್ಲಿ ಎಐ, ತಮಗೆ ಬರುತ್ತದೆಂದು ಅಭ್ಯರ್ಥಿಗಳು ನಮೂದಿಸುತ್ತಿದ್ದಾರೆ. ಈ "ಬರುತ್ತದೆ" ಎಂಬ ಮಾತಿಗೆ ಅರ್ಥವೇನು? ಚಾಟ್‌ಜಿಪಿಟಿಗೋ ಜೆಮಿನಿಗೋ ಒಂದು ಪ್ರಶ್ನೆ ಹಾಕಿ ಉತ್ತರ ಪಡೆಯುವುದು ಐದನೆಯ ತರಗತಿಯ ಬಾಲಕನಿಗೂ ಸಾಧ್ಯ. ಟ್ಯಾಲಿಯಲ್ಲಿ ಅರಿಯದವನ ಕೈಯಿಂದ ಕೆಲಸ ಮುಂದೆ ಸಾಗುತ್ತಿರಲಿಲ್ಲ. ಆದ್ದರಿಂದ ಅಜ್ಞಾನವು ಕೂಡಲೇ ಬಯಲಾಗುತ್ತಿತ್ತು. ಎಐ ಯಂತ್ರದಲ್ಲಿ ಹಾಗಲ್ಲ. ಅರಿತವನಿಗೂ ಅರಿಯದವನಿಗೂ ಅದು ಒಂದೇ ಬಗೆಯ ನಯವಾದ, ಕಾನೂನಿನ ಕಲಮುಗಳಿಂದ ಅಲಂಕೃತವಾದ ಪತ್ರವನ್ನು ಬರೆದುಕೊಡುತ್ತದೆ. ಆ ಪತ್ರದ ಕೆಳಗೆ ಬೀಳುವುದು ಮಾತ್ರ ಮಾಲೀಕರ ಸಹಿ.

ಸಹಿ ಹಾಕಿದವರ ಹೊಣೆ

ಸಹಿಯ ಮಾತು ಬರಿಯ ಅಂಜಿಕೆಯಲ್ಲವೆಂಬುದಕ್ಕೆ ಇತ್ತೀಚಿನ ವರ್ಷಗಳ ದಾಖಲೆಗಳೇ ಸಾಕ್ಷಿ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಖಾಸಗಿ ಕಂಪನಿಯೊಂದರ ಆದಾಯ ತೆರಿಗೆ ನಿರ್ಧರಣಾ ಆದೇಶವನ್ನು ರದ್ದುಪಡಿಸಿತು. ಕಂಪನಿ ಘೋಷಿಸಿದ್ದ ಆದಾಯ 3.09 ಕೋಟಿ ರೂಪಾಯಿ; ಇಲಾಖೆ ನಿರ್ಧರಿಸಿದ್ದು 27.91 ಕೋಟಿ ರೂಪಾಯಿ. ಆದೇಶದಲ್ಲಿ ಆಧಾರವಾಗಿ ತೋರಿಸಿದ್ದ ಮೂರು ತೀರ್ಪುಗಳು ಯಾವ ನ್ಯಾಯಾಲಯದಲ್ಲೂ ಹೊರಬಿದ್ದವೇ ಆಗಿರಲಿಲ್ಲ. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಯಂತ್ರ ಒದಗಿಸಿದ ಫಲಿತಾಂಶವನ್ನು ಅಧಿಕಾರಿಗಳು ಕಣ್ಣುಮುಚ್ಚಿ ನಂಬದೆ, ಬಳಸುವ ಮುನ್ನ ಪರಿಶೀಲಿಸತಕ್ಕದ್ದೆಂದು ಪೀಠವು ಹೇಳಿತು. ಇದಕ್ಕೂ ಮೊದಲು, 2024ರ ಡಿಸೆಂಬರ್‌ನಲ್ಲಿ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆ ಆದೇಶವನ್ನು ಹಿಂಪಡೆಯಬೇಕಾಯಿತು.

ಲೆಕ್ಕಪರಿಶೋಧನಾ ವೃತ್ತಿಯೂ ಇದಕ್ಕೆ ಹೊರತಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರುಗಳ ಶುಲ್ಕಕ್ಕೆ ಸಿದ್ಧಪಡಿಸಿಕೊಟ್ಟ ವರದಿಯಲ್ಲಿ ಇಲ್ಲದ ಸಂಶೋಧನಾ ಪ್ರಬಂಧಗಳ ಉಲ್ಲೇಖಗಳಿದ್ದುದು ಬೆಳಕಿಗೆ ಬಂದಾಗ, 2025ರ ಅಕ್ಟೋಬರ್‌ನಲ್ಲಿ ಡೆಲಾಯ್ಟ್ ಸಂಸ್ಥೆಯು ಶುಲ್ಕದ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಿಕೊಂಡಿತು. ವ್ಯಾಪಾರಿಗಳಿಗೆ ಇನ್ನೂ ಹತ್ತಿರದ ನಿದರ್ಶನ ಕೆನಡಾದ್ದು. ಏರ್ ಕೆನಡಾ ವಿಮಾನ ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಗ್ರಾಹಕರಿಗೆ ಉತ್ತರಿಸುತ್ತಿದ್ದ ಯಂತ್ರವು ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ನೀಡಿತ್ತು. ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರುಗಳನ್ನು ಗ್ರಾಹಕನಿಗೆ ಕೊಡಿಸಿತು. ಮೊತ್ತ ಸಣ್ಣದು, ಆದರೆ ಅಂಗಡಿಯ ಗುಮಾಸ್ತನ ಮಾತಿಗೆ ಮಾಲೀಕ ಹೊಣೆಯೆಂಬ ಹಳೆಯ ನ್ಯಾಯವೇ ಯಂತ್ರಕ್ಕೂ ಅನ್ವಯವಾಯಿತೆಂಬುದು ಗಮನಾರ್ಹ.

ಈ ಪ್ರಮಾದಗಳು ಯಾಕೆ ಸಂಭವಿಸುತ್ತವೆಂಬುದನ್ನು ಕಲಿಯುವವರಿಗೆ ಹೇಳಿಕೊಡುವುದೇ ಸಾಕ್ಷರತೆಯ ಮೊದಲ ಪಾಠ. ಇಂಥ ಯಂತ್ರವು ಕಡತಗಳ ಕಪಾಟಿನಿಂದ ಉತ್ತರವನ್ನು ಹುಡುಕಿ ತೆಗೆದುಕೊಡುವ ದಫೇದಾರನಲ್ಲ. ಅಪಾರ ಪ್ರಮಾಣದ ಬರವಣಿಗೆಯನ್ನು ಓದಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ವಾಕ್ಯವನ್ನು ಹೆಣೆಯುವುದು ಅದರ ಕ್ರಮ. ತೀರ್ಪಿನ ಉಲ್ಲೇಖ ನೋಡಲು ಹೇಗಿರುತ್ತದೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಆದುದರಿಂದ ವಾದಿ, ಪ್ರತಿವಾದಿ, ವರ್ಷ, ಪುಟಸಂಖ್ಯೆ ಎಲ್ಲವೂ ಇರುವ, ತೀರ್ಪೊಂದೇ ಇಲ್ಲದ ಉಲ್ಲೇಖವನ್ನು ಅದು ಹುಟ್ಟಿಸಬಲ್ಲದು. ಹೊಸ ಯಂತ್ರಗಳು ಅಂತರ್ಜಾಲವನ್ನು ಹುಡುಕಿ ಉತ್ತರಿಸುವುದರಿಂದ ಈ ದೋಷ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಇನ್ನು ಆದಾಯ ತೆರಿಗೆಯ ವಿಷಯದಲ್ಲಿ ಮತ್ತೊಂದು ತೊಡಕಿದೆ. 1961ರ ಕಾಯ್ದೆಯ ಸ್ಥಾನದಲ್ಲಿ 536 ಕಲಮುಗಳ 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿದ್ದು, ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ. ಆರು ದಶಕಗಳ ಹಳೆಯ ಕಾಯ್ದೆಯ ಬರಹಗಳನ್ನೇ ಹೆಚ್ಚಾಗಿ ಓದಿಕೊಂಡ ಯಂತ್ರ ಎರಡನ್ನೂ ಬೆರೆಸಿ ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಪಠ್ಯಕ್ರಮಗಳ ಪಾಡು

ಎಐ ಸಾಕ್ಷರತೆ ಎಂದರೇನೆಂದು ನಿರೂಪಿಸುವ ಪ್ರಯತ್ನಗಳಿಗೆ ಕೊರತೆಯಿಲ್ಲ. ಅಮೆರಿಕದ ಸಂಶೋಧಕರಾದ ಡೂರಿ ಲಾಂಗ್ ಮತ್ತು ಬ್ರಯನ್ ಮ್ಯಾಗರ್ಕೊ 2020ರಲ್ಲಿ ಇದನ್ನು 17 ಸಾಮರ್ಥ್ಯಗಳಾಗಿ ವಿಂಗಡಿಸಿದರು. ಯುನೆಸ್ಕೊ 2024ರಲ್ಲಿ ವಿದ್ಯಾರ್ಥಿಗಳಿಗೆ 12, ಶಿಕ್ಷಕರಿಗೆ 15 ಸಾಮರ್ಥ್ಯಗಳ ಚೌಕಟ್ಟುಗಳನ್ನು ಹೊರತಂದಿತು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯ 4ನೆಯ ವಿಧಿಯು, ಎಐ ಬಳಸುವ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಸಾಕಷ್ಟು ಎಐ ಸಾಕ್ಷರತೆ ಇರುವಂತೆ ಕ್ರಮ ಕೈಗೊಳ್ಳಬೇಕೆಂದು ವಿಧಿಸಿ 2025ರ ಫೆಬ್ರುವರಿ 2ರಂದು ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಈ ಹೊಣೆಯನ್ನು ಸಡಿಲಿಸುವ ಪ್ರಸ್ತಾಪವೂ ಬಂದಿತು. ಸಾಮರ್ಥ್ಯಗಳ ಪಟ್ಟಿ ಮಾಡುವುದು ಸುಲಭ, ಅವನ್ನು ಅಳೆಯುವುದೇ ಕಠಿಣ ಎಂಬುದು ಈ ಎಲ್ಲ ದಾಖಲೆಗಳನ್ನು ತಿರುವಿದವರಿಗೆ ಹೊಳೆಯದಿರದು.

ಭಾರತದಲ್ಲಿ ಸಿಬಿಎಸ್‌ಇ ಮಂಡಳಿಯು 2019-20ರಿಂದಲೇ 9ನೇ ತರಗತಿಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ಕೌಶಲ ವಿಷಯವಾಗಿ ತಂದಿತು. 2026-27ರಿಂದ 3ನೇ ತರಗತಿಯಿಂದಲೇ ಇದನ್ನು ಆರಂಭಿಸುವ ಉದ್ದೇಶವನ್ನು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ವಾಣಿಜ್ಯ ವಿದ್ಯಾರ್ಥಿಗಳಿಗೆಂದೇ ಮದ್ರಾಸ್ ಐಐಟಿಯು ಸ್ವಯಂ ಪ್ಲಸ್ ವೇದಿಕೆಯಲ್ಲಿ ಲೆಕ್ಕಶಾಸ್ತ್ರದಲ್ಲಿ ಎಐ ಕುರಿತ ಉಚಿತ ಶಿಕ್ಷಣಕ್ರಮವನ್ನು 2025ರಲ್ಲಿ ಆರಂಭಿಸಿತು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯೂ ತನ್ನ ಸದಸ್ಯರಿಗೆ ಪ್ರಮಾಣಪತ್ರ ತರಬೇತಿಯನ್ನು ನಡೆಸುತ್ತ ಬಂದಿದೆ. ಆದರೆ ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಓದುತ್ತಿರುವ ಯುವತಿಗೆ ಇವುಗಳಲ್ಲಿ ಎಷ್ಟು ತಲುಪೀತು? ನಾಳೆ ಅಂಗಡಿಯ ಲೆಕ್ಕ ಬರೆಯಲು ಬರುವವರು ಅವರೇ.

ಕರ್ನಾಟಕಕ್ಕೆ ಇಂಥ ಪರೀಕ್ಷೆಯ ಅನುಭವ ಹೊಸದಲ್ಲ. ರಾಜ್ಯ ಸರ್ಕಾರಿ ನೌಕರರಿಗಾಗಿ 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ರೂಪಿಸಲಾಯಿತು. ಯಂತ್ರವನ್ನು ಬಳಸಬಲ್ಲರೇ ಎಂಬುದೇ ಅಂಥ ಪರೀಕ್ಷೆಗಳ ತಿರುಳು. ಎಐ ವಿಷಯದಲ್ಲಿ ಅದೇ ಅಚ್ಚನ್ನು ಬಳಸಿದರೆ ಎಲ್ಲರೂ ತೇರ್ಗಡೆಯಾಗುತ್ತಾರೆ; ಯಾರಿಗೂ ಉಪಯೋಗವಾಗದು.

ಅಳತೆಗೋಲಿನ ಸಮಸ್ಯೆ

ಇದುವರೆಗೆ ರೂಪುಗೊಂಡ ಅಳತೆಗೋಲುಗಳ ದೊಡ್ಡ ದೌರ್ಬಲ್ಯವೆಂದರೆ ಅವು ಕಲಿಯುವವರನ್ನೇ ಕೇಳುತ್ತವೆ. "ಎಐ ನೀಡಿದ ಉತ್ತರವನ್ನು ನಾನು ವಿಮರ್ಶೆ ಮಾಡಬಲ್ಲೆ" ಎಂಬಂಥ ಹೇಳಿಕೆಯ ಮುಂದೆ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳುವ ಪದ್ಧತಿ ಅದು. 2024ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಇಂಥ 16 ಮಾಪನಗಳನ್ನು ಪರಿಶೀಲಿಸಿದ್ದು, ಹೆಚ್ಚಿನವು ಸ್ವಯಂ ಮೌಲ್ಯಮಾಪನದ ಪ್ರಶ್ನಾವಳಿಗಳೇ ಆಗಿದ್ದವು. ಸಾಲ ಕೇಳಲು ಬಂದವರನ್ನು "ನೀವು ಪ್ರಾಮಾಣಿಕರೇ?" ಎಂದು ಕೇಳಿ, ಹೌದೆಂದವರಿಗೆಲ್ಲ ಸಾಲ ಕೊಡುವ ಬ್ಯಾಂಕಿನ ಗತಿ ಏನಾದೀತೋ ಅದೇ ಗತಿ ಈ ಮಾಪನಗಳದು.

ಮನೆಗೆಲಸದ ಪ್ರಬಂಧಗಳನ್ನು ಬರೆಸಿ ಅಂಕ ಕೊಡುವುದೂ ಇನ್ನು ನೆಚ್ಚತಕ್ಕದ್ದಲ್ಲ. ಪ್ರಬಂಧವನ್ನು ಯಂತ್ರ ಬರೆಯಿತೇ ವಿದ್ಯಾರ್ಥಿ ಬರೆದನೇ ಎಂದು ಪತ್ತೆಹಚ್ಚಲು ಓಪನ್‌ಎಐ ಸಂಸ್ಥೆಯೇ ಹೊರತಂದಿದ್ದ ಸಾಧನವು ಯಂತ್ರಲಿಖಿತ ಬರಹಗಳಲ್ಲಿ 26%ರಷ್ಟನ್ನು ಮಾತ್ರ ಗುರುತಿಸಿತು. 9% ಪ್ರಸಂಗಗಳಲ್ಲಿ ಮನುಷ್ಯರ ಬರಹವನ್ನೇ ಯಂತ್ರದ್ದೆಂದು ಹೇಳಿತು. 2023ರ ಜುಲೈನಲ್ಲಿ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು. ಸಿಡ್ನಿ ವಿಶ್ವವಿದ್ಯಾಲಯ ಹಿಡಿದ ದಾರಿ ಇದಕ್ಕಿಂತ ವಿವೇಕದ್ದು. ಅಲ್ಲಿ ಮೌಲ್ಯಮಾಪನವನ್ನು ಎರಡು ಹಾದಿಗಳಾಗಿ ಸೀಳಲಾಗಿದೆ: ಒಂದರಲ್ಲಿ ಮೇಲ್ವಿಚಾರಣೆಯ ಕೊಠಡಿ, ಮತ್ತೊಂದರಲ್ಲಿ ಎಐ ಬಳಕೆಗೆ ಮುಕ್ತ ಅವಕಾಶ. ನಿಷೇಧಿಸಲಾಗದ್ದನ್ನು ನಿಷೇಧಿಸಿದಂತೆ ನಟಿಸುವ ಗೋಜು ಅಲ್ಲಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳ ಮಟ್ಟಿಗೆ ಈ ಸಮಸ್ಯೆಗೆ ಪರಿಹಾರವು ಅವರ ಶಾಸ್ತ್ರದಲ್ಲಿಯೇ ಅಡಗಿದೆ. ಲೆಕ್ಕಪರಿಶೋಧನೆಯ ಮೊದಲ ಪಾಠವೇ ವೋಚಿಂಗ್. ನಮೂದನ್ನು ನೋಡಿ ತೃಪ್ತಿಪಡದೆ, ಅದರ ಹಿಂದಿನ ಮೂಲ ಕಾಗದಕ್ಕೆ ಹೋಗಿ ತಾಳೆ ನೋಡುವುದು. ಆ ಕಾಗದವು ನಮೂದು ಮಾಡಿದವನ ಕೈಯಿಂದಲ್ಲದೆ ಹೊರಗಿನಿಂದ ಬಂದುದಾಗಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡುವುದು. ಈ ಎರಡನೆಯ ಸೂತ್ರವನ್ನು ಮರೆತವರ ಪಾಡೇನೆಂಬುದಕ್ಕೆ ನ್ಯೂಯಾರ್ಕಿನ ವಕೀಲರ ಪ್ರಕರಣವಿದೆ. ಚಾಟ್‌ಜಿಪಿಟಿ ಒದಗಿಸಿದ ತೀರ್ಪು ನಿಜವೇ ಎಂದು ಅವರಲ್ಲೊಬ್ಬರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ನಿಜವೆಂದು ಅದು ಉತ್ತರಿಸಿತು. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಪರಿಶೀಲಿಸಿದೆನೆಂದು ಅವರು ಭಾವಿಸಿದ್ದೇ ಇಲ್ಲಿನ ವಿಶೇಷ. ನಗದು ಗುಮಾಸ್ತನ ಲೆಕ್ಕವನ್ನು ನಗದು ಗುಮಾಸ್ತನಿಂದಲೇ ದೃಢೀಕರಿಸಿಕೊಂಡಂತಾಯಿತು.

ಒಂದು ಗಂಟೆಯ ಪರೀಕ್ಷೆ

ಆದುದರಿಂದ ಎಐ ಸಾಕ್ಷರತೆಯ ಪರೀಕ್ಷೆಯು ಉತ್ತರ ಬರೆಸುವ ಪರೀಕ್ಷೆಯಾಗದೆ, ಯಂತ್ರ ಬರೆದ ಉತ್ತರವನ್ನು ಶೋಧಿಸುವ ಪರೀಕ್ಷೆಯಾಗಬೇಕು. ಅಭ್ಯರ್ಥಿಯ ಮುಂದೆ ಯಂತ್ರ ಸಿದ್ಧಪಡಿಸಿದ ನಾಲ್ಕು ಕಾಗದಗಳನ್ನಿಟ್ಟು, ಅಂತರ್ಜಾಲವನ್ನೂ ಎಐ ಯಂತ್ರವನ್ನೂ ಬಳಸಲು ಬಿಟ್ಟು, ಒಂದು ಗಂಟೆಯ ಅವಧಿ ಕೊಡಬಹುದು.

ಮೊದಲ ಕಾಗದವು ಸಿಮೆಂಟ್ ವ್ಯಾಪಾರಿಯೊಬ್ಬರಿಗೆ ಬರೆದ ಟಿಪ್ಪಣಿ ಎನ್ನೋಣ. ಸಿಮೆಂಟಿನ ಮೇಲಿನ ಜಿಎಸ್‌ಟಿ 28% ಎಂದು ಅದು ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ದರವು 18%ಕ್ಕೆ ಇಳಿದಿದೆಯಾದ್ದರಿಂದ ಟಿಪ್ಪಣಿ ತಪ್ಪೆಂದು ಹಲವರು ಕೂಡಲೇ ಗುರುತು ಹಾಕುತ್ತಾರೆ. ಆದರೆ ಟಿಪ್ಪಣಿಯ ತಲೆಯಲ್ಲಿ, ಇದು ಸೆಪ್ಟೆಂಬರ್ 10ರಂದೇ ಬಿಲ್ಲು ಮಾಡಿ ಮಾಲು ಸಾಗಿಸಿದ ವ್ಯವಹಾರಕ್ಕೆ ಸಂಬಂಧಿಸಿದ್ದೆಂದು ಬರೆದಿದ್ದರೆ 28% ಎಂಬುದೇ ಸರಿ. ದರವನ್ನು ಕಂಠಪಾಠ ಮಾಡಿದವರಿಗೂ ದಿನಾಂಕವನ್ನು ನೋಡಿದವರಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. 2025ರ ಸೆಪ್ಟೆಂಬರ್ 17ರ 9/2025 ಸಂಖ್ಯೆಯ ಕೇಂದ್ರ ತೆರಿಗೆ ದರ ಅಧಿಸೂಚನೆಯನ್ನು ತೆರೆದು ನೋಡಿದವರಿಗೆ ಇನ್ನೂ ಹೆಚ್ಚು ಅಂಕ ಸಲ್ಲಬೇಕು.

ಎರಡನೆಯದು ಬಾಕಿ ವಸೂಲಿಯ ಪತ್ರ. ಸಣ್ಣ ಉದ್ದಿಮೆದಾರರ ಜೀವನಾಡಿಯೇ ಬಾಕಿ ವಸೂಲಿಯಾದ್ದರಿಂದ ಈ ಕಾಗದಕ್ಕೆ ಹೆಚ್ಚು ಸಮಯ ಕೊಡಬೇಕಾಗುತ್ತದೆ. "ಎಂಎಸ್‌ಎಂಇ ಆದ ತಮಗೆ 45 ದಿನಗಳೊಳಗೆ ಹಣ ಪಾವತಿಯಾಗತಕ್ಕದ್ದು" ಎಂದು ಯಂತ್ರ ಬರೆದಿರುತ್ತದೆ. ಕೇಳಲು ಸರಿಯೆನಿಸುವ ಈ ಒಂದು ವಾಕ್ಯದಲ್ಲಿ ಎರಡು ಬಿರುಕುಗಳಿವೆ. 2006ರ ಕಾಯ್ದೆಯ ಈ ರಕ್ಷಣೆ ದೊರೆಯುವುದು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ. ಮಧ್ಯಮ ಗಾತ್ರದವುಗಳಿಗೆ ಇಲ್ಲ. ಲಿಖಿತ ಕರಾರು ಇಲ್ಲದಿದ್ದಲ್ಲಿ ಗಡುವು 15 ದಿನ. ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಸಣ್ಣ ಉದ್ದಿಮೆಯ ಮಿತಿಯನ್ನು ಅದೇ ಪತ್ರವು ಹೂಡಿಕೆ 10 ಕೋಟಿ, ವಹಿವಾಟು 50 ಕೋಟಿ ರೂಪಾಯಿ ಎಂದು ಹೇಳಿದ್ದರೆ ಅದು 2025ರ ಏಪ್ರಿಲ್ 1ಕ್ಕೆ ಮೊದಲಿನ ಮಾತು. ಅಂದಿನಿಂದ ಅದು 25 ಕೋಟಿ ಮತ್ತು 100 ಕೋಟಿ ಆಗಿದೆ. ತಡವಾದ ಪಾವತಿಗೆ ಸರಳ ಬಡ್ಡಿ ಲೆಕ್ಕ ಹಾಕಿದ್ದರೆ ಅದೂ ತಪ್ಪೇ: ಕಾಯ್ದೆ ಹೇಳುವುದು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇಂಥ ಪತ್ರ ಹಾಗೆಯೇ ಹೊರಟುಹೋದರೆ ನಷ್ಟ ಅನುಭವಿಸುವವರು ಕಳುಹಿಸಿದವರೇ.

ಮೂರನೆಯ ಕಾಗದವು ಬಿಲ್ಲುಗಳ ಛಾಯಾಚಿತ್ರದಿಂದ ಯಂತ್ರವೇ ತಯಾರಿಸಿದ ಖರೀದಿ ಪಟ್ಟಿ. ಜಿಎಸ್‌ಟಿ ಗುರುತಿನ ಸಂಖ್ಯೆಯ 15 ಅಕ್ಷರಾಂಕಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅನಂತರದ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ತಾಳೆಯ ಅಂಕೆ. ಮಸುಕಾದ ಬಿಲ್ಲಿನಲ್ಲಿ 8 ಅನ್ನು ಬಿ ಎಂದೋ ಸೊನ್ನೆಯನ್ನು ಓ ಎಂದೋ ಯಂತ್ರ ಓದಿಕೊಂಡಿದ್ದರೆ, ಹೂಡುವಳಿ ತೆರಿಗೆ ಜಮೆ ಕೈತಪ್ಪುವ ಸಂಭವವಿದೆ. ಒಟ್ಟು ಮೊತ್ತವನ್ನು ಗಣಕಯಂತ್ರದ ಕೂಡುವಿಕೆಯಿಂದ ಸ್ವತಂತ್ರವಾಗಿ ಸರಿನೋಡಿದರೇ ಎಂಬುದನ್ನೂ ಇಲ್ಲಿ ಗಮನಿಸಬಹುದು. ಪದಗಳನ್ನು ಹೆಣೆಯುವ ಯಂತ್ರಕ್ಕೆ ಕೂಡುವ ಕಳೆಯುವ ಕೆಲಸ ಹುಟ್ಟುಗುಣವಲ್ಲ.

ನಾಲ್ಕನೆಯ ಕಾಗದದಲ್ಲಿ ತಪ್ಪೇ ಇರಕೂಡದು. ಪರೀಕ್ಷೆಯೆಂದ ಮೇಲೆ ತಪ್ಪಿರಲೇಬೇಕೆಂದು ಭಾವಿಸಿ, ಸರಿಯಾದುದನ್ನೂ ಕೆಂಪು ಶಾಯಿಯಿಂದ ಸುತ್ತುವವರು ಬಹಳ. ಎಲ್ಲವನ್ನೂ ಸಂಶಯಿಸುವವರು ಎಲ್ಲವನ್ನೂ ನಂಬುವವರಷ್ಟೇ ನಿರುಪಯೋಗಿಗಳು. ಅಂಥವರಿಂದ ತಿಂಗಳ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗದು.

ಬರಹದ ಪರೀಕ್ಷೆಯ ಬಳಿಕ ಹತ್ತು ನಿಮಿಷಗಳ ಮೌಖಿಕ ಪರೀಕ್ಷೆ ಅವಶ್ಯ. "ಇದನ್ನು ಎಲ್ಲಿ ನೋಡಿ ಖಚಿತಪಡಿಸಿಕೊಂಡಿರಿ?" ಎಂಬುದೇ ಅದರ ಮುಖ್ಯ ಪ್ರಶ್ನೆ. ಮೂಲ ಯಾವುದೆಂದು ಹೇಳಲಾಗದವರ ಸರಿಯುತ್ತರಕ್ಕೆ ಅರ್ಧ ಅಂಕ ಸಾಕು. ಇದರ ಜೊತೆಗೆ, ಪರೀಕ್ಷೆಯ ಕಾಗದಗಳಲ್ಲಿದ್ದ ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆಗಳನ್ನು ಅಳಿಸದೆ ಹಾಗೆಯೇ ಸಾರ್ವಜನಿಕ ಎಐ ಯಂತ್ರಕ್ಕೆ ಉಣಿಸಿದರೇ ಎಂಬುದನ್ನೂ ಸದ್ದಿಲ್ಲದೆ ಗಮನಿಸತಕ್ಕದ್ದು. ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಕಚೇರಿಯ ಗಣಕಯಂತ್ರಗಳಲ್ಲಿ ಇಂಥ ಸಾಧನಗಳನ್ನು ಬಳಸದಂತೆ ಸೂಚಿಸಿದ್ದು ಈ ಭಯದಿಂದಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳೂ 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ.

ಕಲಿಯುವುದು ಯಾವಾಗ?

ಇಷ್ಟೆಲ್ಲ ಹೇಳಿದ ಮೇಲೂ ಮೂಲಭೂತ ಪ್ರಶ್ನೆಯೊಂದು ಉಳಿಯುತ್ತದೆ. ತಪ್ಪನ್ನು ಗುರುತಿಸಬೇಕಾದರೆ ಸರಿಯಾದುದು ಗೊತ್ತಿರಬೇಕು. ಆ ತಿಳಿವಳಿಕೆ ಹಿಂದೆ ಬರುತ್ತಿದ್ದುದು ನೂರಾರು ವೋಚರುಗಳನ್ನು ಬರೆದು, ಬ್ಯಾಂಕ್ ಹೊಂದಾಣಿಕೆ ಪಟ್ಟಿಯಲ್ಲಿ ನೂರು ರೂಪಾಯಿ ವ್ಯತ್ಯಾಸಕ್ಕಾಗಿ ಸಂಜೆಯವರೆಗೆ ತಡಕಾಡಿ. ಅದೇ ಕೆಲಸವನ್ನು ಈಗ ಯಂತ್ರ ಮಾಡಿಕೊಡುತ್ತಿದೆ. ಲೆಕ್ಕಪರಿಶೋಧಕ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಯ ಅವಧಿಯೂ 2023ರ ಜುಲೈನಿಂದ ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ.

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಗಣಿತದ ಅಭ್ಯಾಸದಲ್ಲಿ ಸಾಮಾನ್ಯ ಎಐ ಯಂತ್ರವನ್ನು ಬಳಸಿದವರ ಅಂಕಗಳು 48%ರಷ್ಟು ಏರಿದವು. ಯಂತ್ರವನ್ನು ತೆಗೆದುಕೊಂಡು ಪರೀಕ್ಷೆ ಮಾಡಿದಾಗ, ಎಂದೂ ಯಂತ್ರ ಬಳಸದಿದ್ದವರಿಗಿಂತ ಅವರ ಅಂಕಗಳು 17%ರಷ್ಟು ಕೆಳಗಿದ್ದವು. ಉತ್ತರವನ್ನು ಕೊಡದೆ ಸುಳಿವನ್ನಷ್ಟೇ ಕೊಡುವಂತೆ ಮಾರ್ಪಡಿಸಿದ ಯಂತ್ರವನ್ನು ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಕಲಿಕೆಯ ಅವಧಿಯಲ್ಲಿ ಯಂತ್ರವನ್ನು ಹೇಗೆ ಕೊಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಸಣ್ಣ ಅಂಗಡಿಯ ಮಾಲೀಕರಿಗೆ ಇದರ ಅನುಷ್ಠಾನ ದುಬಾರಿಯೇನಲ್ಲ. ಹೊಸದಾಗಿ ಸೇರಿದವರಿಂದ ಮೊದಲ ಮೂರು ತಿಂಗಳು ಬ್ಯಾಂಕ್ ಹೊಂದಾಣಿಕೆ ಮತ್ತು ಖರೀದಿ ಪಟ್ಟಿಗಳನ್ನು ಯಂತ್ರದ ನೆರವಿಲ್ಲದೆ ಮಾಡಿಸುವುದು; ಅನಂತರ ಅದೇ ಕೆಲಸವನ್ನು ಯಂತ್ರದಿಂದ ಮಾಡಿಸಿ, ಎರಡನ್ನೂ ಅವರಿಂದಲೇ ತಾಳೆ ನೋಡಿಸುವುದು. ಮೇಲೆ ವಿವರಿಸಿದ ಪರೀಕ್ಷೆಯನ್ನು ಒಬ್ಬೊಬ್ಬ ಮಾಲೀಕರೂ ಸಿದ್ಧಪಡಿಸಲಾರರು. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಸ್ಥಳೀಯ ಕಾಲೇಜುಗಳ ವಾಣಿಜ್ಯ ವಿಭಾಗಗಳೊಡನೆ ಕೂಡಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಶ್ನೆಪತ್ರಿಕೆಗಳನ್ನು ರೂಪಿಸಿದರೆ ವೆಚ್ಚ ಹಂಚಿಹೋಗುತ್ತದೆ. ಒಮ್ಮೆ ಬರೆದ ಪತ್ರಿಕೆಯನ್ನು ವರ್ಷಗಟ್ಟಲೆ ಬಳಸುವ ಹಾಗೆ ಮಾತ್ರ ಇಲ್ಲ. ಜಿಎಸ್‌ಟಿ ಮಂಡಳಿಯ ಪ್ರತಿಯೊಂದು ಸಭೆಯ ನಂತರವೂ ಹೊಸ ಅಧಿಸೂಚನೆಗಳನ್ನು ಮುಂದಿಟ್ಟುಕೊಂಡು ಕಾಗದಗಳನ್ನು ತಿದ್ದಬೇಕಾಗುತ್ತದೆ; ತಿದ್ದುವ ಕೆಲಸವನ್ನು ಅಂತಿಮ ವರ್ಷದ ವಿದ್ಯಾರ್ಥಿಗಳಿಗೇ ವಹಿಸಿ, ಅದಕ್ಕೂ ಅಂಕ ಕೊಡಬಹುದು.